ಹೆಬ್ಬೆಟ್ಟು

ಕೌಲ್ ಬಜಾರಿನ ಸಂದಿಯಲ್ಲಿ ರಾತ್ರಿ ಹತ್ತಕ್ಕೂ
ಗೋಡೆಗಳು ಕಾವು ಬಿಡುತ್ತಿವೆ.
ಅವ್ವ ಜೀನ್ಸ್ ಪ್ಯಾಂಟುಗಳ ಗುಡ್ಡೆಯ ನಡುವೆ ಕೂತು
ಬಾಲದಾರ ಕತ್ತರಿಸುತ್ತಾಳೆ, ಡಜನ್ನಿಗೆ ಇಷ್ಟು ಎಂದು.
ನನಗೆ ನಾಳೆ ಬಯಾಲಜಿ.

ಕತ್ತರಿ ಜಾರಿತು.
"ಏನಾಗಿಲ್ಲ, ಓದು ನೀನು" ಅಂದಳು.
ಅರಿಶಿನ ಒತ್ತಿ, ಜೇಬಿನ ಬಟ್ಟೆಯ ಚಿಂದಿ ಸುತ್ತಿ,
ಎಡಗೈ ಹೆಬ್ಬೆಟ್ಟನ್ನು ಮೇಲೆತ್ತಿಟ್ಟುಕೊಂಡು
ಉಳಿದ ಬೆರಳಲ್ಲೇ ಮತ್ತೆ ಶುರು.

ಪುಸ್ತಕ ಮಡಿಸಿದೆ.
ನಾನು ಓದಬೇಕಾದ ಪಾಠ
ಇನ್ನು ಆ ಚಿಂದಿಯೊಳಗೇ ನಡೆಯುವುದು.

ಗಾಯದ ದಡದಲ್ಲಿ ಒಂದು ಕೋಶ.
ಅದು ಎರಡಾಗಬೇಕು. ಆಗುವ ಮುಂಚೆ
ತನ್ನೊಳಗಿನ ಬರಹವನ್ನೆಲ್ಲ ಇನ್ನೊಮ್ಮೆ ಬರೆದಿಡಬೇಕು,
ಆರುನೂರು ಕೋಟಿ ದಾಟಿದ ಅಕ್ಷರ,
ಎಂಟು ತಾಸಿನಲ್ಲಿ. ಅಂದರೆ ಒಂದು ಪಾಳಿ.
ಒಂದೇ ತುದಿಯಿಂದ ಹೊರಟರೆ ತಿಂಗಳಾದರೂ ಮುಗಿಯದು;
ಅದಕ್ಕೇ ಸಾವಿರಾರು ಕಡೆ ಒಟ್ಟಿಗೆ ಹುರಿ ಬಿಚ್ಚುತ್ತದೆ.

ಜಿಪ್ಪಿನ ಹಾಗೆ ಎಂದು ಬರೆದರೆ ಮಾರ್ಕು ಗ್ಯಾರಂಟಿ.
ಆದರೆ ಬಿಚ್ಚಿದ ಜಿಪ್ಪು ತನ್ನ ಹಳೇ ಜೋಡಿಗೇ ಮರಳುತ್ತದೆ.
ಇಲ್ಲಿ ಅಗಲಿದ ಎರಡೆಳೆಗೂ
ಎದುರಿಗೆ ಹೊಸಬರು ಬಂದು ಕೂರುತ್ತಾರೆ,
ಎ ಎದುರು ಟಿ, ಜಿ ಎದುರು ಸಿ.
ಕಟಿಂಗ್ ಮಾಸ್ಟರ್ ಮಾಬುಸಾಬ ತುಂಡು ತುಂಡಿಗೂ ನಂಬರು ಅಂಟಿಸುತ್ತಾನಲ್ಲ,
ಹದಿನೇಳರ ಮುಂಗಾಲಿಗೆ ಹದಿನೇಳರ ಹಿಂಗಾಲೇ;
ತಪ್ಪಿದರೆ ಒಂದು ಕಡೆ ಕಡುನೀಲಿ, ಒಂದು ಕಡೆ ತಿಳಿ, ಮಾಲು ವಾಪಸ್ಸು.

ಈ ದರ್ಜಿಗೂ ಮಿಷನ್ನಿನಂತೆ ಒಂದೇ ದಿಕ್ಕು.
ಒಂದೆಳೆಯ ಗುಂಟ ಸರಾಗ ಓಡುತ್ತಾನೆ.
ಇನ್ನೊಂದು ತಲೆಕೆಳಗಾಗಿ ಮಲಗಿದೆ,
ಅಷ್ಟಷ್ಟು ಬಿಚ್ಚಿದ ಹಾಗೆ ಹೊರಳಿ ಹೊರಳಿ
ತುಂಡುಗಳಲ್ಲಿ ಹೊಲಿಯಬೇಕು,
ಆಮೇಲೊಬ್ಬ ಬಂದು ಸಂದು ಕೂಡಿಸಬೇಕು.
ಹಿಂದುಳಿದ ಎಳೆ ಎನ್ನುತ್ತದೆ ಪುಸ್ತಕ.
ಅವ್ವನಿಗೆ ಹೇಳಿದೆ. ತಲೆ ಎತ್ತದೆ ಅಂದಳು:
"ಹಿಂದುಳಿದೋರಿಗೇ ಕೆಲಸ ಜಾಸ್ತಿ, ಎಲ್ಲಾ ಕಡೆ."

ತಪ್ಪಕ್ಷರ ಕೂತರೆ ದರ್ಜಿಯೇ ತಡೆದು
ಒಂದು ಹೊಲಿಗೆ ಹಿಂದೆ ಸರಿದು ಕಿತ್ತು ಹಾಕುತ್ತಾನೆ.
ಅವನ ಕಣ್ಣು ತಪ್ಪಿದ್ದನ್ನು
ಹಿಂದಿನಿಂದ ಬರುವವರು ಉಬ್ಬು ತಡವಿ ಹಿಡಿಯುತ್ತಾರೆ.
ಇವರು ಹೆಂಗಸರೇ ಇರಬೇಕು.
ಆದರೂ ಒಂದೋ ಎರಡೋ ಉಳಿಯುತ್ತವೆ;
ಅಪರೂಪಕ್ಕೆ ಅದೇ ಗಡ್ಡೆಯಾಗುತ್ತದೆ,
ಬಹಳ ಸಲ ಏನೂ ಆಗುವುದಿಲ್ಲ.

ಹೋದ ತಿಂಗಳು ರೇಷನ್ ಅಂಗಡಿಯಲ್ಲಿ
ಇದೇ ಬೆರಳನ್ನು ಮಿಷನ್ನು ಮೂರು ಸಲ ತಳ್ಳಿತು.
ಗೆರೆ ಸವೆದಿವೆಯಂತೆ.
"ಎರ್ರಮ್ಮಾ, ಕೂಡ್ತಿಲ್ಲ, ಆ ಕಡೆ ನಿಂದ್ರು."
ಸಾಲಿನಲ್ಲಿ ಯಾರೋ ನಕ್ಕರು:
"ಇರೋದೇ ಹೆಬ್ಬೆಟ್ಟು, ಈಗ ಅದೂ ಇಲ್ಲ."
ಅವ್ವ ಬೆರಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

ಸಾಲಿ ಮೆಟ್ಟಿಲು ಹತ್ತದ ಆ ಹೆಬ್ಬೆಟ್ಟು
ಈಗ ಬರೆಯುತ್ತಿದೆ. ಅವಳು ನಿದ್ದೆ ಹೋದ ಮೇಲೂ.
ಪ್ರತಿ ಹೊಸ ಜೋಡಿಯಲ್ಲೂ ಒಂದೆಳೆ ಹಳೆಯದೇ,
ಪೂರಾ ಹೊಸದು ಎಂಬುದು ಅಲ್ಲಿ ಇಲ್ಲವೇ ಇಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ.

ಹನ್ನೊಂದನೇ ದಿನ ಚಿಂದಿ ಬಿಚ್ಚಿದಳು.
ಬಾಗಿಲ ಬೆಳಕಿಗೆ ಹಿಡಿದು ನೋಡಿದೆ:
ಅದೇ ಸುಳಿ, ಅದೇ ಕಡೆಗೆ ತಿರುಗಿದ್ದು,
ಕತ್ತರಿ ಹಾದಲ್ಲಿ ಮಾತ್ರ ಬಿಳಿ ಗೆರೆ.
ಇಪ್ಪತ್ತು ವರ್ಷದ ನೀಲಿ ಅಲ್ಲಿರಲಿಲ್ಲ.
ನೀಲಿ ಆ ಬರಹದಲ್ಲೇ ಇರಲಿಲ್ಲ.

ಅವ್ವ ಆ ಬೆರಳನ್ನು ಯಾರದೋ ಎಂಬಂತೆ ನೋಡಿದಳು.
ಮಾಬುಸಾಬನ ಹುಡುಗ ಬಂಡಲ್ ಇಳಿಸಿ ಹೋದ.
ಅದನ್ನು ಕಾಲಿಂದ ಪಕ್ಕಕ್ಕೆ ಸರಿಸಿ
ಚೀಲ ಕೊಡವಿದಳು:
"ಮೊದಲು ರೇಷನ್ನಿಗೆ ಹೋಗಿ ಬರ್ತೀನಿ ತಡಿ,
ಇದು ನೀಲಿ ಆಗೋದ್ರೊಳಗೆ."